ಐಫೆಲ್ ಗೋಪುರ ಮೂಲೆಯಲ್ಲಿರಲಿ
ಮಾರ್ಚ್ 20ರ ಫ್ರೆಂಚ್ ಭಾಷಾ ದಿನಕ್ಕೆ ಶಾಲೆಯಲ್ಲಿ ಐಫೆಲ್ ಗೋಪುರದ ಮಾದರಿ ಬಿಟ್ಟು ಬೇರೇನು ಮಾಡಿಸಬಹುದು ಎಂದು ಕೇಳಿದ್ದೀರಿ, ಮೇಡಂ. ಆಫ್ರಿಕವನ್ನು ಹಿಡಿಯಿರಿ. 1970ರ ಮಾರ್ಚ್ 20ರಂದು ಫ್ರೆಂಚ್ ಬಳಸುವ ದೇಶಗಳ ಸಹಕಾರ ಸಂಸ್ಥೆ ಹುಟ್ಟಿದ ಒಪ್ಪಂದಕ್ಕೆ ಸಹಿ ಬಿದ್ದದ್ದೇ ಆಫ್ರಿಕದ ನೈಜರ್ ದೇಶದ ನಿಯಾಮೆಯಲ್ಲಿ; ಈ ದಿನ ಅದರದೇ ನೆನಪು.

ನಾನಾದರೆ ಸೆನೆಗಲ್ಲಿನ ಊಟ ಮಾಡಿಸುತ್ತೇನೆ. ಚೆಬು ಜೆನ್ ಎಂದರೆ ಟೊಮೆಟೊ ರಸದಲ್ಲಿ ಬೆಂದ ಅಕ್ಕಿನುಚ್ಚು, ಮೇಲೆ ಮೀನು, ಮರಗೆಣಸು, ಎಲೆಕೋಸು. ದೊಡ್ಡದೊಂದು ಬೋಗುಣಿಯ ಸುತ್ತ ಎಲ್ಲರೂ ಕೂತು ತಂತಮ್ಮ ಮುಂದಿನ ಪಾಲನ್ನಷ್ಟೇ ಉಣ್ಣುತ್ತಾರೆ. ಮನೆಯಾಕೆ ನಡುವಿನ ಮೀನನ್ನು ಮುರಿದು ಒಬ್ಬೊಬ್ಬರ ಕಡೆಗೆ ಸರಿಸುತ್ತಾಳೆ. ಶಾಲೆಯಲ್ಲಿ ಮೀನಿನ ಬದಲು ಬದನೆಕಾಯಿ ಸಾಕು. ಅಲ್ಲಿ ಹೆಚ್ಚಿನವರ ಆಡುಮಾತು ವೊಲೋಫ್, ಫ್ರೆಂಚ್ ಕಚೇರಿಯ ಭಾಷೆ ಎಂಬುದನ್ನೂ ಮಕ್ಕಳಿಗೆ ಹೇಳಿ.

ಫ್ರೆಂಚರಂತೆ ಕಾಣಲೆಂದು ಅಂಟಿಸಿದ ಮೀಸೆಯ ವೇಷ ಮಾತ್ರ ದಯವಿಟ್ಟು ಬೇಡ.