ಕತ್ತಿನ ಮೂಳೆಗಳ ಬಗ್ಗೆ ನೀವು ಕಳಿಸಿದ ಲೇಖನಕ್ಕೆ ಉತ್ತರ

ನಮಸ್ಕಾರ,

ತಲೆ ಹೇಗೆ ತಿರುಗುತ್ತದೆ ಅನ್ನುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ವಿಷಯ ತುಂಬ ಚೆನ್ನಾಗಿದೆ.

ಮೊದಲ ಮೂರು ಪ್ಯಾರಾ ಪೂರ್ತಿ ಆಕಾಶ ಹೊತ್ತ ಗ್ರೀಕ್ ದೈತ್ಯ ಅಟ್ಲಾಸನ ಕತೆ. ಕತ್ತಿನ ಮೊದಲ ಮೂಳೆಗೆ ಅವನ ಹೆಸರಿಟ್ಟಿದ್ದಾರೆ ಅಂತ ಒಂದು ಸಾಲು ಸಾಕು. ಅದರ ಬದಲು ಓದುವವರಿಗೆ 'ಹೌದು' ಅಂತ ತಲೆ ಆಡಿಸಲು ಹೇಳಿ, ಆಮೇಲೆ 'ಇಲ್ಲ' ಅಂತ. ಎರಡೂ ಒಂದೇ ಕೀಲಿನ ಕೆಲಸ ಅಂತ ಬರೆದಿದ್ದೀರಿ, ಅದು ತಪ್ಪು. 'ಹೌದು' ಹೆಚ್ಚಾಗಿ ತಲೆಬುರುಡೆ ಮತ್ತು ಅಟ್ಲಾಸ್ ನಡುವಿನದು. 'ಇಲ್ಲ' ಅನ್ನುವಾಗ ಬುರುಡೆಯೂ ಅಟ್ಲಾಸೂ ಒಟ್ಟಿಗೇ ಕೆಳಗಿನ ಆಕ್ಸಿಸ್, ಅಂದರೆ ಕತ್ತಿನ ಎರಡನೆಯ ಮೂಳೆಯ ಮೇಲೆ ತಿರುಗುತ್ತವೆ. ಕತ್ತು ತಿರುಗುವುದರಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ ಒಂದೊಂದು ಕಡೆಗೆ ಸುಮಾರು 40 ಡಿಗ್ರಿ, ಇದೊಂದೇ ಜಾಗದಲ್ಲಿ ಆಗುತ್ತದೆ.

ಅಟ್ಲಾಸ್ ಮತ್ತು ಆಕ್ಸಿಸ್ ನಡುವೆ ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಇದೆ ಅಂದಿದ್ದೀರಿ. ಇಲ್ಲ. ಮೊದಲ ಡಿಸ್ಕ್ ಬರುವುದೇ ಎರಡನೆಯ ಮತ್ತು ಮೂರನೆಯ ಮೂಳೆಯ ನಡುವೆ.

ಬಾಟಲಿ ಮುಚ್ಚಳದ ಹೋಲಿಕೆ ನನಗೆ ಒಪ್ಪಿಗೆಯಾಗಲಿಲ್ಲ. ಬೀಸುವ ಕಲ್ಲು ನೆನಪಿಸಿಕೊಳ್ಳಿ, ಕೆಳಗಿನ ಕಲ್ಲಿನ ಗೂಟದ ಸುತ್ತ ಮೇಲಿನ ಕಲ್ಲು ತಿರುಗುತ್ತದೆ ಅಲ್ವಾ? ಆಕ್ಸಿಸ್‌ನಿಂದ ಮೇಲಕ್ಕೆದ್ದ ಡೆನ್ಸ್ ಅಂಥದೇ ಗೂಟ, ಅಟ್ಲಾಸ್ ಅದಕ್ಕೆ ತೊಡಿಸಿದ ಬಳೆ. ಒಂದೇ ವ್ಯತ್ಯಾಸ, ಇಲ್ಲಿ ಗೂಟ ನಟ್ಟನಡುವೆ ಇಲ್ಲ, ಬಳೆಯ ಮುಂದಿನ ಅಂಚಿಗೆ ಅಂಟಿಕೊಂಡಂತಿದೆ, ಅದು ಹಿಂದೆ ಜಾರದಂತೆ ಗಟ್ಟಿಯಾದ ಒಂದು ಅಡ್ಡ ಲಿಗಮೆಂಟ್ (ಮೂಳೆಗಳನ್ನು ಕಟ್ಟಿಹಿಡಿಯುವ ಪಟ್ಟಿ) ಹಿಡಿದಿದೆ, ಅದರ ಹಿಂದೆಯೇ ಬೆನ್ನುಹುರಿ. ಆ ಲಿಗಮೆಂಟ್ ಹರಿದರೆ ಗೂಟ ಬೆನ್ನುಹುರಿಯನ್ನೇ ಒತ್ತಬಹುದು. ಇಷ್ಟು ದೊಡ್ಡ ಸಂಗತಿಯನ್ನು ಅರ್ಧ ಸಾಲಲ್ಲಿ ದಾಟಿಬಿಟ್ಟಿದ್ದೀರಿ! ಇಲ್ಲೇ ನಿಂತು ಬರೆಯಿರಿ. ಇನ್ನೊಂದು ಮಾತು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಆ ಗೂಟ ಮೂಲದಲ್ಲಿ ಅಟ್ಲಾಸ್‌ನದೇ ಭಾಗ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಅಟ್ಲಾಸ್‌ನ ನಡುವಿನ ಗಟ್ಟಿ ಭಾಗ ಆಗಬೇಕಿದ್ದದ್ದು ಕೆಳಗಿನ ಮೂಳೆಗೆ ಸೇರಿಕೊಳ್ಳುತ್ತದೆ. ಅದಕ್ಕೇ ಅಟ್ಲಾಸ್ ಬರೀ ಬಳೆಯಾಗಿ ಉಳಿಯುತ್ತದೆ. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದು.

'ಕತ್ತನ್ನು ಜೋರಾಗಿ ತಿರುಗಿಸಿ ಲಟಿಕೆ ತೆಗೆಯಿರಿ' ಅನ್ನುವ ಸಲಹೆಯನ್ನು ದಯವಿಟ್ಟು ತೆಗೆದುಹಾಕಿ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಈ ಮೂಳೆಗಳ ಪಕ್ಕದ ತೂತುಗಳಲ್ಲೇ ಹಾದು ಅಟ್ಲಾಸ್ ಮೇಲೆ ಬಾಗಿ ಬುರುಡೆಯೊಳಗೆ ಹೋಗುತ್ತವೆ. ಅಪರೂಪಕ್ಕಾದರೂ, ಕತ್ತು ತಿರುಚಿ ಅವುಗಳ ಒಳಗೋಡೆ ಹರಿದು ಪಾರ್ಶ್ವವಾಯು ಆಗಿದ್ದುಂಟು.

ಗೂಬೆಯ ಪ್ಯಾರಾ ಹಾಗೇ ಇರಲಿ. ಕತ್ತಲ್ಲಿ 14 ಮೂಳೆ, 270 ಡಿಗ್ರಿ ತಿರುಗು, ಎರಡೂ ಸರಿಯಾಗಿದೆ, ಬರೆದ ರೀತಿಯೂ ಚೆನ್ನಾಗಿದೆ. ಉಳಿದದ್ದನ್ನು ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.