ಅಂಗೈಯಗಲದ ಹಿತ್ತಿಲು, ಹನ್ನೆರಡು ತಿಂಗಳ ಲೆಕ್ಕ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಒಂದೇ ಅಂತಸ್ತಿನ ಮನೆ. ಮನೆಯ ಹಿಂದೆ, ಉತ್ತರ ದಿಕ್ಕಿಗೆ, 15 ಅಡಿ ಉದ್ದ ಮತ್ತು 8 ಅಡಿ ಅಗಲದ ಹಿತ್ತಿಲಿದೆ. ತಾರಸಿಯೂ ಖಾಲಿಯಿದೆ. ಕಳೆದ ವರ್ಷ ಮುಂಗಾರು ಹಿಡಿದ ವಾರದಲ್ಲೇ ಬೆಂಡೆ, ಹುರುಳಿಕಾಯಿ, ಟೊಮೇಟೊ, ಮೂಲಂಗಿ, ಸೊಪ್ಪು ಎಲ್ಲವನ್ನೂ ಒಟ್ಟಿಗೆ ಹಾಕಿದೆವು. ಆಗಸ್ಟ್‌ನಲ್ಲಿ ನೆರೆಹೊರೆಗೆ ಹಂಚಿದರೂ ಮುಗಿಯದಷ್ಟು ಬಂತು. ಅಕ್ಟೋಬರ್ ಕಳೆದ ಮೇಲೆ ಹಿಡಿ ಸೊಪ್ಪೂ ಸಿಗಲಿಲ್ಲ. ನವೆಂಬರ್‌ನಲ್ಲಿ ಹಾಕಿದ ಕ್ಯಾರೆಟ್ ಬರೀ ಎಲೆಯಾಯಿತು. ಟೊಮೇಟೊ ಗಿಡಗಳು ಕಾಯಿ ಕಚ್ಚುವ ಹೊತ್ತಿಗೆ, ಎಲೆ ಹಸುರಾಗಿರುವಂತೆಯೇ, ಒಂದೊಂದಾಗಿ ಬಾಡಿ ಸತ್ತವು. ನಾಲ್ಕು ಜನರ ಮನೆಗೆ ವರ್ಷವಿಡೀ ಏನಾದರೊಂದು ಸಿಗುವಂತೆ ಇಷ್ಟು ಜಾಗದಲ್ಲಿ ಹೇಗೆ ಯೋಜಿಸಬೇಕು?
— ಓದುಗರು, ಮೈಸೂರು

ಉತ್ತರ: ಹಿತ್ತಿಲು ಮನೆಯ ಉತ್ತರಕ್ಕಿದೆ ಎಂಬ ಒಂದು ಮಾತನ್ನು ನೀವು ಬರೆಯದೇ ಹೋಗಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು. ನಿಮ್ಮ ಕ್ಯಾರೆಟ್ ಕೆಟ್ಟದ್ದು ಬೀಜದಿಂದಲೂ ಅಲ್ಲ, ಗೊಬ್ಬರದಿಂದಲೂ ಅಲ್ಲ. ಒಂದಂತಸ್ತಿನ ಮನೆ, ಅದರ ಮೇಲೆ ತಾರಸಿಯ ಅಡ್ಡಗೋಡೆ ಸೇರಿದರೆ ಸುಮಾರು 13 ಅಡಿ ಎತ್ತರವಾಗುತ್ತದೆ. ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ನಡುಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ದಕ್ಷಿಣಕ್ಕೆ ಹೆಚ್ಚುಕಡಿಮೆ 36 ಡಿಗ್ರಿ ವಾಲಿರುತ್ತಾನೆ. ಆಗ 13 ಅಡಿ ಗೋಡೆಯ ನೆರಳು 9 ಅಡಿಯನ್ನು ಮೀರಿ ಚಾಚುತ್ತದೆ, ಅಂದರೆ ನಿಮ್ಮ 8 ಅಡಿಯ ಹಿತ್ತಿಲು ಪೂರ್ತಿಯಾಗಿ ನೆರಳಿಗೆ ಬೀಳುತ್ತದೆ. ಅದೇ ಜೂನ್‌ನಲ್ಲಿ ಸೂರ್ಯನು ನೆತ್ತಿಯಿಂದ ಸುಮಾರು 11 ಡಿಗ್ರಿ ಉತ್ತರಕ್ಕೇ ಸರಿದಿರುವುದರಿಂದ ಮನೆಯ ನೆರಳು ಮಧ್ಯಾಹ್ನದ ಹೊತ್ತಿನಲ್ಲಿ ಹಿತ್ತಿಲಿಗೆ ಬೀಳುವುದೇ ಇಲ್ಲ. ಮಾರ್ಚ್ ಮೊದಲ ವಾರದಲ್ಲಿಯೂ ಅಕ್ಟೋಬರ್ ಮಧ್ಯದಲ್ಲಿಯೂ ನೆರಳು 5 ಅಡಿಯ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ನಿಮ್ಮ ಮನೆಗೆ ಒಂದು ತೋಟವಲ್ಲ, ಎರಡು ತೋಟಗಳಿವೆ ಎಂದು ತಿಳಿಯಿರಿ: ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ನೆಲದ ತೋಟ, ನವೆಂಬರ್‌ನಿಂದ ಫೆಬ್ರವರಿವರೆಗೆ ತಾರಸಿಯ ತೋಟ.

ಎರಡನೆಯ ವಿಷಯ ಲೆಕ್ಕದ್ದು. ಜಾಗ ಕಡಿಮೆಯಿರುವವರು ಒಂದು ಗಿಡ ಎಷ್ಟು ಅಡಿ ನೆಲ ಬೇಡುತ್ತದೆ ಎಂದು ಕೇಳುತ್ತಾರೆಯೇ ಹೊರತು, ಆ ನೆಲವನ್ನು ಎಷ್ಟು ದಿನ ಹಿಡಿದುಕೊಂಡಿರುತ್ತದೆ ಎಂದು ಕೇಳುವುದು ಕಡಿಮೆ. ದಂಟು ಮತ್ತು ಮೆಂತ್ಯ 25ರಿಂದ 30 ದಿನಗಳಲ್ಲಿ ಜಾಗ ಬಿಡುತ್ತವೆ, ಮೂಲಂಗಿ 45 ದಿನಗಳಲ್ಲಿ, ಗಿಡ್ಡ ಜಾತಿಯ ಹುರುಳಿಕಾಯಿ 70–75 ದಿನಗಳಲ್ಲಿ, ಬೆಂಡೆ 90–100 ದಿನಗಳಲ್ಲಿ. ಬದನೆ, ಮೆಣಸಿನಕಾಯಿಗಳು ಅರ್ಧ ವರ್ಷ ಕೂರುತ್ತವೆ. ತೊಂಡೆ ಮತ್ತು ಬಸಳೆ ಒಮ್ಮೆ ಊರಿದರೆ ವರ್ಷಗಟ್ಟಲೆ ಇರುತ್ತವೆ. ಎಲೆಕೋಸನ್ನು ನಾನು ಇಂಥ ಹಿತ್ತಿಲಿಗೆ ಹೇಳುವುದೇ ಇಲ್ಲ, ಏಕೆಂದರೆ ಒಂದೂವರೆ ಅಡಿ ಚೌಕದ ನೆಲವನ್ನು ಮೂರು ತಿಂಗಳು ಹಿಡಿದು ಅದು ಕೊಡುವುದು ಒಂದು ಗೆಡ್ಡೆ. ಅಷ್ಟೇ ಜಾಗದಲ್ಲಿ ನಾಲ್ಕು ನವಿಲುಕೋಸು ಎರಡು ತಿಂಗಳಲ್ಲಿ ಬರುತ್ತವೆ, ಎಳೆಯ ಎಲೆಯೂ ಪಲ್ಯಕ್ಕಾಗುತ್ತದೆ.

ಹಿತ್ತಿಲ ಉದ್ದಕ್ಕೆ ಅಡ್ಡಲಾಗಿ, 3 ಅಡಿ ಅಗಲದ ಮೂರು ಏರುಮಡಿಗಳನ್ನು ಮಾಡಿ, ಮಡಿಗಳ ನಡುವೆಯೂ ಎರಡು ತುದಿಗಳಲ್ಲಿಯೂ ಒಂದೂವರೆ ಅಡಿ ದಾರಿ ಬಿಡಿ. ದಾರಿಗೇ 6 ಅಡಿ ಹೋಯಿತೆಂದು ಮರುಗಬೇಡಿ. ಕಾಲಿಟ್ಟು ತುಳಿದ ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲ, ಮಡಿಯೊಳಗೆ ಒಮ್ಮೆಯೂ ಕಾಲಿಡದೆ ಎಲ್ಲೆಡೆ ಕೈ ಎಟುಕುವಂತಿರಬೇಕು. ಮನೆಯ ಗೋಡೆಗೆ ಒತ್ತಿಕೊಂಡ 2 ಅಡಿ ಪಟ್ಟಿಯನ್ನು ಮಡಿಗೆ ಸೇರಿಸದೆ, ಮೇ ತಿಂಗಳಲ್ಲಿ ಅಲ್ಲಿ ಅರಿಶಿನ, ಶುಂಠಿ, ಕೆಸುವಿನ ಗೆಡ್ಡೆಗಳನ್ನು ಊರಿಬಿಡಿ. ಇವು ಅರೆನೆರಳನ್ನು ಸಹಿಸುತ್ತವೆ. ನೆರಳು ಗಟ್ಟಿಯಾಗುವ ಡಿಸೆಂಬರ್ ಹೊತ್ತಿಗೆ ಅರಿಶಿನದ ಎಲೆ ತಾನಾಗಿಯೇ ಒಣಗತೊಡಗಿ, ಜನವರಿ–ಫೆಬ್ರವರಿಯಲ್ಲಿ ಗೆಡ್ಡೆ ಕೀಳುವುದಕ್ಕೆ ಬರುತ್ತದೆ. ಉತ್ತರದ ಕಾಂಪೌಂಡ್ ಗೋಡೆಯ ಮೇಲೆ ಬಲೆ ಎಳೆದು ಹೀರೆ, ಹಾಗಲ ಹಬ್ಬಿಸಿ, ಒಂದು ಮೂಲೆಗೆ ತೊಂಡೆ ಊರಿ. ತೊಂಡೆಯ ಕಡ್ಡಿಯನ್ನು ಕಾಯಿ ಬಿಡುತ್ತಿರುವ ಬಳ್ಳಿಯಿಂದಲೇ ತರಬೇಕು. ಗಂಡು ಬಳ್ಳಿಯ ಕಡ್ಡಿ ತಂದರೆ ವರ್ಷಗಟ್ಟಲೆ ಹೂವನ್ನಷ್ಟೇ ನೋಡಬೇಕಾಗುತ್ತದೆ.

ಇನ್ನು ಮೂರು ಮಡಿಗಳ ಸರದಿ. ಮೈಸೂರಿನಲ್ಲಿ ಜೂನ್–ಜುಲೈಗಿಂತ ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲೇ ಮಳೆ ಹೆಚ್ಚು, ಆದ್ದರಿಂದ ಮುಂಗಾರಿನ ಸುದ್ದಿಗಾಗಿ ಕಾಯದೆ ಭರಣಿ, ಕೃತ್ತಿಕೆ ಮಳೆಗಳ ಹದದಲ್ಲೇ ಕೆಲಸ ಹಿಡಿಯಬೇಕು. ಮೊದಲನೆಯ ಮಡಿಯಲ್ಲಿ ಮಾರ್ಚ್ ಆರಂಭಕ್ಕೆ ಗೋರಿಕಾಯಿ ಹಾಕಿ, ಅದು ಬಿಸಿಲಿಗೆ ಅಂಜುವುದಿಲ್ಲ. ಮೇ ಮಧ್ಯದಲ್ಲಿ ಅದನ್ನು ತೆಗೆದು, ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 1 ಅಡಿಯಂತೆ 12 ಬೆಂಡೆ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ತಳಿ ಎಲೆಯ ನರ ಹಳದಿಯಾಗುವ ನಂಜುರೋಗಕ್ಕೆ ಸುಲಭವಾಗಿ ಸೋಲುವುದಿಲ್ಲ. 45–50 ದಿನಗಳಿಂದ ದಿನ ಬಿಟ್ಟು ದಿನ ಕೊಯ್ದರೆ, ಎರಡು ಕೊಯ್ಲು ಕೂಡಿದಾಗ ನಾಲ್ಕು ಜನರ ಒಂದು ಹೊತ್ತಿನ ಪಲ್ಯಕ್ಕಾಗುತ್ತದೆ. ಆಗಸ್ಟ್ ಮಧ್ಯಕ್ಕೆ ಗಿಡದ ತುದಿಯಲ್ಲಿ ಇನ್ನೂ ನಾಲ್ಕಾರು ಕಾಯಿಗಳಿರುತ್ತವೆ, ಕೀಳಲು ಮನಸ್ಸು ಬರುವುದಿಲ್ಲ. ಆದರೂ ಬುಡಕ್ಕೆ ಕತ್ತರಿಸಿ, ಬೇರನ್ನು ಮಣ್ಣಿನಲ್ಲೇ ಬಿಟ್ಟು, ಅದೇ ವಾರ ಗಿಡ್ಡ ಹುರುಳಿಕಾಯಿಯನ್ನು (ಅರ್ಕಾ ಕೋಮಲ್ ಒಳ್ಳೆಯದು) ಬಿತ್ತಲೇಬೇಕು. ಅಂದು ಬಿತ್ತಿದ್ದು ಅಕ್ಟೋಬರ್ ಮೊದಲ ವಾರ ಕೊಯ್ಲಿಗೆ ಬಂದು ತಿಂಗಳ ಕೊನೆಗೆ ಮುಗಿಯುತ್ತದೆ. ಎರಡು ವಾರ ತಡವಾದರೆ ಅದರ ಹೂವು ಕಾಯಿಯಾಗುವ ಹೊತ್ತಿಗೆ ಮನೆಯ ನೆರಳು ಮಡಿಯ ಮೇಲೆ ಬಂದು ಕೂತಿರುತ್ತದೆ.

ಎರಡನೆಯ ಮಡಿಯಲ್ಲಿ ಜೂನ್ ಮೊದಲಿಗೆ ಹುರುಳಿಕಾಯಿ, ಆಗಸ್ಟ್ ಮಧ್ಯದಿಂದ ಮೂಲಂಗಿ ಮತ್ತು ಬೀಟ್‌ರೂಟ್ ಬರಲಿ. ಮೂರನೆಯದು ಸೊಪ್ಪಿನ ಮಡಿ. ನಿಮ್ಮ ಆಗಸ್ಟ್‌ನ ಸಂತೆಗೂ ಅಕ್ಟೋಬರ್‌ನ ಬರಕ್ಕೂ ಕಾರಣ ಒಂದೇ ದಿನ ಬಿತ್ತಿದ್ದು. ಈ ಮಡಿಯನ್ನು ಎರಡೆರಡು ಅಡಿಯ ಮೂರು ಪಾಲು ಮಾಡಿ, ಹತ್ತು–ಹನ್ನೆರಡು ದಿನಕ್ಕೊಮ್ಮೆ ಒಂದೊಂದು ಪಾಲಿನಲ್ಲಿ ಮಾತ್ರ ಬಿತ್ತಿ: ದಂಟು, ನಂತರ ಪಾಲಕ್, ನಂತರ ಮೆಂತ್ಯ. ಮೂರನೆಯದು ಮೊಳೆಯುವಷ್ಟರಲ್ಲಿ ಮೊದಲಿನದು ಅಡುಗೆಮನೆಗೆ ಬಂದಿರುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯ ಅಡಿಯಲ್ಲೋ ಲಟ್ಟಣಿಗೆಯಿಂದಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಬೇಕು. ಎಂಟು–ಹತ್ತು ದಿನ ಮೊಳಕೆ ಕಾಣದಿದ್ದರೆ ಗಾಬರಿಯಾಗಿ ಮಣ್ಣು ಕೆದಕಬಾರದು.

ಟೊಮೇಟೊ ವಿಷಯಕ್ಕೆ ಬರುತ್ತೇನೆ. ಈ ಬಾರಿ ಗಿಡ ಬಾಡಿದರೆ ಕಿತ್ತು ಎಸೆಯುವ ಮುನ್ನ ಬುಡದ ಕಾಂಡವನ್ನು ಎರಡು ಅಂಗುಲದಷ್ಟು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಅದರ ತುದಿ ಮುಳುಗುವಂತೆ ಅಲುಗಾಡದೆ ಹಿಡಿದು ನೋಡಿ. ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಬಾಯಿಯಿಂದ ಹಾಲಿನಂಥ ಬಿಳಿ ಎಳೆ ನೀರಿನೊಳಗೆ ಇಳಿಯತೊಡಗಿದರೆ ಅದು ದುಂಡಾಣು ಸೊರಗು ರೋಗ. ನೀವು ಬರೆದಿರುವ ಲಕ್ಷಣವೂ ಅದನ್ನೇ ಹೋಲುತ್ತದೆ. ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಯಾವ ಔಷಧಿ ಸುರಿದರೂ ಪೂರ್ತಿಯಾಗಿ ಹೋಗುವುದಿಲ್ಲ. ಟೊಮೇಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕೂ ಒಂದೇ ಕುಟುಂಬದವಾದ್ದರಿಂದ, ಟೊಮೇಟೊ ಸತ್ತ ಜಾಗಕ್ಕೆ ಬದನೆ ಹಾಕುವುದು ಪರಿಹಾರವಲ್ಲ. ಅದಕ್ಕಾಗಿಯೇ ಮೇಲಿನ ಸರದಿಯಲ್ಲಿ ಈ ಕುಟುಂಬದ ಯಾವ ಗಿಡವನ್ನೂ ನೆಲಕ್ಕೆ ಹೇಳಿಲ್ಲ. ಅವೆಲ್ಲ ತಾರಸಿಯ ಚೀಲಗಳಿಗೆ, ಹೊಸ ಮಣ್ಣಿಗೆ ಹೋಗಲಿ. ಅರ್ಕಾ ರಕ್ಷಕ್ ಎಂಬ ಸಂಕರಣ ತಳಿ ಎಲೆ ಮುಟುರು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಸಂಕರಣ ತಳಿಯಾದ್ದರಿಂದ ಅದರ ಬೀಜವನ್ನು ಮನೆಯಲ್ಲಿ ಎತ್ತಿಡದೆ ಪ್ರತಿ ಸಲ ಕೊಳ್ಳಬೇಕು.

ತಾರಸಿಗೆ 15 ಅಂಗುಲ ಅಗಲ, ಅಷ್ಟೇ ಎತ್ತರದ ಹನ್ನೆರಡು ಚೀಲಗಳು ಸಾಕು. ಕೆಮ್ಮಣ್ಣು, ಕೊಳೆತ ಸಗಣಿ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಇರಲಿ. ಒದ್ದೆಯಾದಾಗ ಒಂದೊಂದು ಚೀಲವೂ 40 ಕಿಲೋ ಮೀರುವುದರಿಂದ ಎಲ್ಲವನ್ನೂ ತಾರಸಿಯ ನಡುವೆ ಗುಂಪಾಗಿ ಇಡದೆ ತೊಲೆ, ಗೋಡೆಗಳ ನೇರಕ್ಕೆ ಇಟ್ಟಿಗೆಯ ಮೇಲೆ ಸಾಲಾಗಿ ಇಡಿ. ಟೊಮೇಟೊ, ನವಿಲುಕೋಸುಗಳ ಸಸಿಗೆ ಸೆಪ್ಟೆಂಬರ್ ಕೊನೆಯಲ್ಲೇ ಟ್ರೇಯಲ್ಲಿ ಒಟ್ಲು ಹಾಕಿ; ಕೆಳಗೆ ಮಡಿಯಲ್ಲಿ ಹುರುಳಿಕಾಯಿ ಕೊಯ್ಯುತ್ತಿರುವಾಗಲೇ ಸಸಿ 25–30 ದಿನ ಬೆಳೆದು ನಾಟಿಗೆ ಸಿದ್ಧವಾಗಿರುತ್ತದೆ. ಕ್ಯಾರೆಟ್ ಬೀಜವನ್ನು ಮಾತ್ರ ನೇರವಾಗಿ ಚೀಲಕ್ಕೇ ಬಿತ್ತಿ, ಕಿತ್ತು ನೆಟ್ಟರೆ ಗೆಡ್ಡೆ ಕವಲೊಡೆಯುತ್ತದೆ. ಆ ನಾಲ್ಕು ತಿಂಗಳು ಕೆಳಗಿನ ಮಡಿಗಳಿಗೆ ತರಗೆಲೆ, ಅಡುಗೆಮನೆಯ ಹಸಿ ಕಸ, ಸಗಣಿ ಗೊಬ್ಬರ ಹೊದಿಸಿ ಸುಮ್ಮನೆ ಬಿಡಿ.

ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಬಿತ್ತಿದ ದಿನವನ್ನೂ ಮೊದಲ ಕೊಯ್ಲಿನ ದಿನವನ್ನೂ ಬರೆದಿಡಿ. ಮಳೆ ನಕ್ಷತ್ರಗಳು ಅದರಲ್ಲೇ ಇರುತ್ತವೆ. ನಮ್ಮ ಮನೆಯಲ್ಲಿ ಹಳೆಯ ಕ್ಯಾಲೆಂಡರುಗಳನ್ನು ಇದೊಂದೇ ಕಾರಣಕ್ಕೆ ಎಸೆಯದೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಪೂರ್ವಕ್ಕೆ ಮುಖ ಮಾಡಿದ ಸಣ್ಣ ಬಾಲ್ಕನಿಯಷ್ಟೇ ನಮಗಿರುವುದು. ಬೆಳಿಗ್ಗೆ ಮೂರು ಗಂಟೆ ಬಿಸಿಲು ಬೀಳುತ್ತದೆ. ಟೊಮೇಟೊ, ಮೆಣಸಿನಕಾಯಿ ಹೂ ಬಿಟ್ಟು ಉದುರುತ್ತವೆ. ಏನು ಬೆಳೆಯಬಹುದು?
— ಓದುಗರು, ಬೆಂಗಳೂರು

ಉತ್ತರ: ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಕನಿಷ್ಠ ಐದಾರು ಗಂಟೆಗಳ ನೇರ ಬಿಸಿಲು ಬೇಕು, ಮೂರು ಗಂಟೆಯಲ್ಲಿ ಅವನ್ನು ದುಡಿಸಲು ಹೋಗಿ ನೀವು ನೊಂದುಕೊಳ್ಳುವುದು ಬೇಡ. ಪುದೀನ, ಕೊತ್ತಂಬರಿ, ಪಾಲಕ್, ದೊಡ್ಡಪತ್ರೆಗಳಿಗೆ ಆ ಬೆಳಗಿನ ಬಿಸಿಲು ಸಾಕು. ಸರಳಿಗೆ ಬಸಳೆ ಹಬ್ಬಿಸಿ. ಇವಿಷ್ಟರಲ್ಲೇ ವಾರಕ್ಕೆರಡು ದಿನ ತಂಬುಳಿಗೋ ಸಾರಿಗೋ ಕೈತುಂಬ ಸಿಗುತ್ತದೆ.

ಪ್ರಶ್ನೆ: ಉಡುಪಿಯಲ್ಲಿ ಮನೆಯ ಪಕ್ಕ ಎರಡು ಸೆಂಟ್ಸ್ ಜಾಗವಿದೆ. ಮಳೆಗಾಲದಲ್ಲಿ ಹಾಕಿದ್ದೆಲ್ಲ ಕೊಳೆಯುತ್ತದೆ. ಬಯಲುಸೀಮೆಯವರ ವೇಳಾಪಟ್ಟಿ ನಮಗೆ ಹೊಂದುತ್ತದೆಯೇ?
— ಓದುಗರು, ಉಡುಪಿ

ಉತ್ತರ: ಹೊಂದುವುದಿಲ್ಲ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ, ಅದರಲ್ಲೂ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಬೀಳುವ ನಿಮ್ಮ ಊರಿನಲ್ಲಿ ತರಕಾರಿಯ ಮುಖ್ಯ ಕಾಲ ಮಳೆ ಬಿಟ್ಟ ಮೇಲಿನದು. ಅಕ್ಟೋಬರ್ ಕೊನೆಯಿಂದ ಅಲಸಂಡೆ, ಹರಿವೆ, ಬದನೆ, ಬಸಳೆಗಳನ್ನು ನೆಲದಲ್ಲಿ ಹಾಕಿ ಮೇ ತನಕ ಕೊಯ್ಯಬಹುದು. ನಿಮ್ಮ ಪಕ್ಕದ ಮಟ್ಟುವಿನ ರೈತರು ಗುಳ್ಳ ಬದನೆ ಬೆಳೆಯುವುದೂ ಗದ್ದೆಯ ನೀರು ಇಳಿದ ಮೇಲೆಯೇ. ಮಳೆಗಾಲಕ್ಕೆ ಬೇಕೆಂದರೆ ಹಿರಿಯರು ಮಾಡುತ್ತಿದ್ದಂತೆ ಬೆಂಡೆ, ಹೀರೆ, ಮುಳ್ಳುಸೌತೆಗಳನ್ನು ರೋಹಿಣಿಯಲ್ಲೇ, ಒಂದೂವರೆ ಅಡಿ ಎತ್ತರದ ದಿಬ್ಬಗಳ ಮೇಲೆ ಹಾಕಿಬಿಡಿ. ಆರಿದ್ರ ಆರದೆ ಹೊಯ್ಯುವ ಹೊತ್ತಿಗೆ ಗಿಡ ಬೇರೂರಿ ನಿಂತಿರಬೇಕು. ಆಗ ಅಷ್ಟಮಿ, ಚೌತಿಗೆ ಮನೆಯ ತರಕಾರಿಯೇ ಸಿಗುತ್ತದೆ. ನಿಮ್ಮ ಮುರಕಲ್ಲಿನ ಮಣ್ಣು ಹುಳಿಯಾದ್ದರಿಂದ ಮಳೆಗೆ ಮುನ್ನ ಹಿಡಿಯಷ್ಟು ಸುಣ್ಣ ಸೇರಿಸುವುದನ್ನು ಮರೆಯಬೇಡಿ.

ಪ್ರಶ್ನೆ: ಫೆಬ್ರವರಿಯಲ್ಲಿ ಹಾಕಿದ ಅವರೆ ಬಳ್ಳಿ ಚಪ್ಪರ ತುಂಬಿದೆ, ಆರು ತಿಂಗಳಾದರೂ ಹೂ ಕಾಣದು. ಕಿತ್ತುಹಾಕಲೇ?
— ಓದುಗರು, ರಾಮನಗರ

ಉತ್ತರ: ಕೀಳಬೇಡಿ, ನಿಮ್ಮ ಬಳ್ಳಿಗೆ ಯಾವ ರೋಗವೂ ಇಲ್ಲ. ನಾಟಿ ಅವರೆಯು ಹಗಲು ಮೋಟಾಗಿ ರಾತ್ರಿ ಉದ್ದವಾದಾಗ ಮಾತ್ರ ಹೂ ಬಿಡುವ ಸಸ್ಯ. ಫೆಬ್ರವರಿಯಲ್ಲಿ ಬಿತ್ತಿದರೂ ಜುಲೈನಲ್ಲಿ ಬಿತ್ತಿದರೂ ಅದು ಹೂ ಬಿಡುವುದು ಚಳಿಗಾಲದ ಬಾಗಿಲಲ್ಲೇ. ನೀವು ಆರು ತಿಂಗಳ ಜಾಗವನ್ನು ಎಲೆಗೆ ಕೊಟ್ಟಂತಾಯಿತು, ಅಷ್ಟೇ. ಸಣ್ಣ ಹಿತ್ತಿಲಿನವರು ಅದನ್ನು ಜುಲೈ–ಆಗಸ್ಟ್‌ನಲ್ಲಿ ಬಿತ್ತಿ, ಅಲ್ಲಿಯವರೆಗೆ ಅದೇ ಚಪ್ಪರದಲ್ಲಿ ಒಂದು ಹೀರೆಯ ಬೆಳೆ ತೆಗೆಯಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4 ಎಂಬ ಗಿಡ್ಡ ತಳಿಗಳು ಹಗಲಿನ ಉದ್ದವನ್ನು ನೋಡದೆ ಯಾವ ತಿಂಗಳಲ್ಲಾದರೂ ಕಾಯಿ ಕೊಡುತ್ತವೆ, ಬೇಸಿಗೆಗೆ ಅವು ಸರಿ. ಸೊಗಡು ಬೇಕೆನ್ನುವವರು ಮಾತ್ರ ನಾಟಿ ಬಳ್ಳಿಯನ್ನೇ ಉಳಿಸಿಕೊಳ್ಳಲಿ. ನಿಮ್ಮ ಬಳ್ಳಿಯ ತುದಿಗಳನ್ನು ಈಗ ಚಿವುಟಿ, ಬುಡಕ್ಕೆ ಎರಡು ಬೊಗಸೆ ಕೊಳೆತ ಗೊಬ್ಬರ ಕೊಟ್ಟು ಕಾಯಿರಿ. ಮಾರ್ಗಶಿರದ ಇಬ್ಬನಿಗೆ ಚಪ್ಪರವೆಲ್ಲ ಹೂವಾಗುತ್ತದೆ.