ಏಳು ಮಾತ್ರೆಯ ಸಾಲು

ಪ್ರಶ್ನೆ: ಅಕ್ಕಾ, ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಾನೂ ಇದ್ದೇನೆ. ಸೋಮವಾರ ಮಧ್ಯಾಹ್ನವಾದರೂ ಸಾಲು ಕರಗುವುದಿಲ್ಲ. ಇನ್ನೊಬ್ಬ ಡಾಕ್ಟರ್ ಬರುವ ಹಾಗಿಲ್ಲ. ಇರುವವರಿಂದಲೇ ಏನಾದರೂ ಮಾಡಬಹುದಾ?
– ಓದುಗರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಮಾಡಬಹುದು ತಂಗಿ. ರಾಯಚೂರು ಜಿಲ್ಲೆಯಲ್ಲಿ 29 ವರ್ಷ ಔಷಧಿ ಕಿಟಕಿಯ ಹಿಂದೆ ನಿಂತವಳು ನಾನು. ಮೊದಲು ಎರಡು ಸೋಮವಾರ ಬಾಗಿಲಲ್ಲಿ ಕೂತು ಎಣಿಸಿ. ಹೊಸ ಕಾಯಿಲೆಯವರು ಎಷ್ಟು, ಹಳೇ ಬಿಪಿ, ಶುಗರ್ ಮಾತ್ರೆಗೇ ಬಂದವರು ಎಷ್ಟು?

ನಮ್ಮಲ್ಲಿ ಒಬ್ಬ ಅಜ್ಜಿ ಬರುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ, ಮಡಿಕೆಯಲ್ಲೇ ಹರಿದುಹೋದ ಚೀಟಿ ಕೊಡುವಳು. ದಿನಕ್ಕೊಂದು ಅಮ್ಲೋಡಿಪಿನ್, ಬಿಪಿ ಮಾತ್ರೆ. ನಾನು ಹತ್ತರ ಸ್ಟ್ರಿಪ್‌ನಲ್ಲಿ ಮೂರು ಕತ್ತರಿಸಿಕೊಂಡು ಏಳು ಕೊಡುತ್ತಿದ್ದೆ. ಏಳಕ್ಕಾಗಿ ಮತ್ತೆ ಚೀಟಿ, ಮತ್ತೆ ಡಾಕ್ಟರ್, ಮತ್ತೆ ಕಿಟಕಿ. ತಿಂಗಳಿಗೆ ನಾಲ್ಕು ಸಲ. ನಾಟಿ ಟೈಮಿನಲ್ಲಿ ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಯಿತು. "ಯವ್ವಾ, ಒಮ್ಮೆಗೇ ಕೊಡಬಾರದೇನ?" ಅಂದಳು. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾತ್ರೆ ಕಡಿಮೆ ಬರುತ್ತೆ ಅಂತ ನಾವು ಹೇಳುತ್ತಿದ್ದೆವು. ಆದರೆ ಕೊಟ್ಟ ಏಳನ್ನೇ ಬಳಕೆ ಅಂತ ಬರೆದು ಇಂಡೆಂಟ್ (ಔಷಧಿ ಬೇಡಿಕೆ ಪಟ್ಟಿ) ಹಾಕಿದರೆ ಜಾಸ್ತಿ ಎಲ್ಲಿಂದ ಬರಬೇಕು? ರಿಜಿಸ್ಟರ್‌ನಲ್ಲಿರುವ ಬಿಪಿ ರೋಗಿಗಳನ್ನು ಎಣಿಸಿ, ಒಬ್ಬೊಬ್ಬರಿಗೆ ತಿಂಗಳಿಗೆ ಎಷ್ಟು ಮಾತ್ರೆ ಬೇಕೋ ಅಷ್ಟಕ್ಕೆ ಬೇಡಿಕೆ ಬರೆಯಲು ಫಾರ್ಮಾಸಿಸ್ಟ್‌ಗೆ ಹೇಳಿ. ಇದೇನೂ ಹೊಸ ಮಾತಲ್ಲ. 2017ರಲ್ಲಿ ಶುರುವಾದ ದೇಶದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲೂ ಕನಿಷ್ಠ 30 ದಿನದ ಮಾತ್ರೆ ಕೊಡಬೇಕು ಅಂತಲೇ ಇದೆ.

ಬಯಲು ಸೀಮೆಯ ಲೆಕ್ಕದಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ. ಅಂದರೆ ಉಪಕೇಂದ್ರವೇ ಹೆಚ್ಚಿನವರಿಗೆ ಹತ್ತಿರ. ಡಾಕ್ಟರ್ ಬರೆದ ಮಾತ್ರೆಯನ್ನು ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯೇ ಬಿಪಿ ನೋಡಿ ಮುಂದುವರಿಸಬಹುದು. ಬಿಪಿ ಹತೋಟಿಯಲ್ಲಿದ್ದವರು ಅಲ್ಲೇ ತಗೊಳ್ಳಲಿ. ಹತೋಟಿಗೆ ಬರದವರು ಡಾಕ್ಟರ್ ಹತ್ತಿರ ಬರಲೇಬೇಕು, ಅವರಿಗೆ ಸುಮ್ನೆ ಮಾತ್ರೆ ಕೊಟ್ಟು ಕಳಿಸಬೇಡಿ.

ಸಮಿತಿ ಹಣದಲ್ಲಿ ಟಿವಿ ಬೇಡ. ಒಳ್ಳೆಯ ಬಿಪಿ ಮಷಿನ್ ತಂದು ಸಾಲಿನ ತಲೆಗೇ ಇಡಿ. ಡಾಕ್ಟರ್ ಮುಂದೆ ಕೂರುವ ಹೊತ್ತಿಗೆ ಚೀಟಿಯಲ್ಲಿ ಬಿಪಿ ಬರೆದಿರಬೇಕು. ಉಳಿದ ಆ ಎರಡು ನಿಮಿಷ ಜ್ವರದ ಕೂಸಿಗೆ ಸಿಗುತ್ತೆ.

ಮುಂದಿನ ಸಮಿತಿ ಸಭೆಗೆ ನೀವು ಎಣಿಸಿದ ಹಾಳೆ ತಗೊಂಡು ಹೋಗಿ. ಡಾಕ್ಟರ್‌ಗೆ ಒಂದು ದಿನ ಮೊದಲೇ ತೋರಿಸಿ. ಎಲ್ಲರೆದುರು ತಪ್ಪು ತೋರಿಸಿದ ಹಾಗೆ ಆಗಬಾರದು, ಅಲ್ವಾ?